ಪ್ರಶಸ್ತಿಯನ್ನು ಬಿಡಿ, ದತ್ತಿಯನ್ನು ಓದಿ

ಎಲ್ಲರಿಗೂ ನಮಸ್ಕಾರ.

ಆಹ್ವಾನ ಪತ್ರಿಕೆಯಲ್ಲಿ ಇಂದಿನ ವಿಷಯವನ್ನು 'ಐತಿಹಾಸಿಕ ಕಾದಂಬರಿ: ಸ್ವರೂಪ ಮತ್ತು ಸವಾಲುಗಳು' ಎಂದು ಅಚ್ಚು ಹಾಕಿಸಿದ್ದಾರೆ. ಆ ಶೀರ್ಷಿಕೆ ನಾನು ಕೊಟ್ಟದ್ದಲ್ಲ. 'ಸ್ವರೂಪ' ಎಂಬ ಮಾತು ಕಣ್ಣಿಗೆ ಬಿದ್ದರೆ ನನಗೆ ಇಂದಿಗೂ ಪರೀಕ್ಷೆಯ ಜ್ವರ ಬರುತ್ತದೆ. ಪುಣ್ಯಕ್ಕೆ ಸಂಘಟಕರು ನನ್ನ ಓದುಗರಿಂದ ಮೊದಲೇ ಚೀಟಿಗಳಲ್ಲಿ ಪ್ರಶ್ನೆ ಬರೆಸಿಕೊಂಡಿದ್ದಾರೆ. ಸ್ವರೂಪವನ್ನು ಪಕ್ಕಕ್ಕಿಟ್ಟು ಚೀಟಿಗಳನ್ನೇ ಓದುತ್ತೇನೆ. ಅಧ್ಯಕ್ಷರು ಮುಕ್ಕಾಲು ಗಂಟೆ ಕೊಟ್ಟಿದ್ದಾರೆ. ನನ್ನ ಮೇಲೆ ನಂಬಿಕೆ ಸಾಲದೆ ತಮ್ಮ ಕೈಗಡಿಯಾರವನ್ನೂ ಬಿಚ್ಚಿ ನನ್ನ ಮುಂದೆ ಇಟ್ಟಿದ್ದಾರೆ.

ಮೊದಲ ಚೀಟಿ: 'ನಿಮ್ಮ ಕಾದಂಬರಿಗಳಲ್ಲಿ ಶೇಕಡಾ ಎಷ್ಟು ನಿಜ, ಶೇಕಡಾ ಎಷ್ಟು ಕಲ್ಪನೆ?' ಇದೇ ಪ್ರಶ್ನೆ ಬೇರೆ ಬೇರೆ ಕೈಬರಹಗಳಲ್ಲಿ ಬಂದಿದೆ. ಒಬ್ಬರಂತೂ ಮುಂದಿನ ಮುದ್ರಣದಲ್ಲಿ ಕಲ್ಪನೆಯ ಭಾಗವನ್ನು ಕೆಂಪು ಶಾಯಿಯಲ್ಲಿ ಅಚ್ಚು ಹಾಕಿಸಿ ಎಂದು ಸಲಹೆ ಕೊಟ್ಟಿದ್ದಾರೆ. ಹಾಲಿಗೆ ಲ್ಯಾಕ್ಟೋಮೀಟರ್ ಅದ್ದಿ ನೀರೆಷ್ಟು ಎಂದು ನೋಡುವ ಹಾಗೆ ನೋಡಬಹುದು ಎಂದು ಅವರ ಎಣಿಕೆ.

ನನ್ನ ಕಲ್ಪನೆಯ ಬಗ್ಗೆ ನಿಮಗಿರುವ ಸಂಶಯ ನ್ಯಾಯವಾದದ್ದೇ. ಆದರೆ ಅದೇ ಸಂಶಯ ಆಸ್ಥಾನಕವಿಯ ಮೇಲೆ ನಿಮಗೆ ಏಕೆ ಬರುವುದಿಲ್ಲ? ಯಾವುದಾದರೂ ದೊಡ್ಡ ಶಾಸನವನ್ನು ತೆಗೆದುಕೊಳ್ಳಿ. ಮೊದಲರ್ಧ ಪ್ರಶಸ್ತಿ, ಅಂದರೆ ರಾಜನ ಹೊಗಳಿಕೆ. ಅಲ್ಲಿ ಪ್ರತಿಯೊಬ್ಬ ರಾಜನೂ ಎಲ್ಲ ದಿಕ್ಕುಗಳನ್ನು ಗೆದ್ದಿರುತ್ತಾನೆ, ಅವನ ಶತ್ರುವೂ ತನ್ನ ಶಾಸನದಲ್ಲಿ ಅವೇ ದಿಕ್ಕುಗಳನ್ನು ಗೆದ್ದಿರುತ್ತಾನೆ. ಅದನ್ನು ಬರೆದವನು ರಾಜನ ಅನ್ನ ಉಂಡವನು. ಕೊನೆಯ ಭಾಗಕ್ಕೆ ಬನ್ನಿ, ಅಲ್ಲಿದೆ ದತ್ತಿ, ಅಂದರೆ ಕೊಟ್ಟ ದಾನದ ವಿವರ: ಯಾವ ಊರು, ಯಾವ ಕೆರೆಯ ಕೆಳಗೆ, ಎಷ್ಟು ಮಣ್ಣು, ಮೂಡಲಿಗೆ ಯಾವ ಗುಡ್ಡ, ಪಡುವಲಿಗೆ ಯಾರ ಹೊಲ, ಸಾಕ್ಷಿ ಯಾರು. ಇಲ್ಲಿ ಸುಳ್ಳು ಹೇಳುವುದು ಸುಲಭವಲ್ಲ. ಎಲ್ಲೆಯ ಆಚೆ ಪಕ್ಕದ ಹೊಲದವನು ನಿಂತಿರುತ್ತಾನೆ. ಸಮುದ್ರದವರೆಗೆ ಗೆದ್ದೆ ಎಂದರೆ ಸುಮ್ಮನಿರುವ ರೈತ, ತನ್ನ ಬದುವಿನ ಒಂದು ಗೇಣು ಒಳಗೆ ಬಂದರೆ ಸುಮ್ಮನಿರುವುದಿಲ್ಲ. ಅದಕ್ಕೇ ನಾನು ಕಿರಿಯ ಬರಹಗಾರರಿಗೆ ಹೇಳುವುದು: ಪ್ರಶಸ್ತಿಯನ್ನು ಬಿಡಿ, ದತ್ತಿಯನ್ನು ಓದಿ. ಇದನ್ನು ಇಂದು ಇನ್ನೂ ಒಂದೆರಡು ಸಲ ಹೇಳುತ್ತೇನೆ, ಸಹಿಸಿಕೊಳ್ಳಿ.

ಉದಾಹರಣೆಗೆ ಆತಕೂರು ಶಾಸನ. ನನ್ನನ್ನು ಬಲ್ಲವರು ಆಗಲೇ ನಗುತ್ತಿದ್ದಾರೆ. ನಾನು ಆತಕೂರಿಗೆ ಹೋಗದೆ ಯಾವ ಭಾಷಣವನ್ನೂ ಮುಗಿಸಿದವನಲ್ಲ. ಮಂಡ್ಯ ಜಿಲ್ಲೆಯ ಊರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ.ಶ. 949ರ ಸುಮಾರಿನದು. ಹಿನ್ನೆಲೆ ನಿಮಗೆ ಗೊತ್ತೇ ಇದೆ: ರಾಷ್ಟ್ರಕೂಟರ ಮುಮ್ಮಡಿ ಕೃಷ್ಣ, ಅವನ ಜೊತೆಗೆ ಗಂಗರ ಬೂತುಗ, ಎದುರಿಗೆ ಚೋಳರ ರಾಜಾದಿತ್ಯ, ತಕ್ಕೋಲದ ಯುದ್ಧ. ಬೂತುಗ ರಾಜಾದಿತ್ಯನನ್ನು ಕೊಂದ. ಮೆಚ್ಚಿದ ಕೃಷ್ಣ ಅವನಿಗೆ ಕೊಟ್ಟದ್ದು ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು; ಸಂಖ್ಯೆಗಳು ಆ ನಾಡುಗಳ ಹೆಸರಿಗೇ ಅಂಟಿಕೊಂಡವು. ಅರ್ಧ ಕರ್ನಾಟಕವೇ ಆಯಿತು ಎನ್ನಿ.

ಆ ಬೂತುಗನ ಆಳು ಮಣಲೇರ. ಅವನೂ ಯುದ್ಧದಲ್ಲಿ ಮುನ್ನುಗ್ಗಿ ಕಾದಿದವನು. ಬೂತುಗ ಅವನನ್ನು ಕರೆದು, ಮೆಚ್ಚಿದ್ದೇನೆ, ಬೇಕಾದುದನ್ನು ಬೇಡಿಕೋ ಎಂದ. ಈ ಮನುಷ್ಯ ಬೇಡಿದ್ದು ಒಂದು ನಾಯಿಯನ್ನು! ಅರಸನ ಬೇಟೆನಾಯಿ, ಹೆಸರು ಕಾಳಿ. ಹಳ್ಳಿಗಳೂ ಅವನಿಗೆ ದೊರೆತವು; ಆತಕೂರು ಹನ್ನೆರಡನ್ನು ಬಾಳ್ಗಚ್ಚಾಗಿ, ಅಂದರೆ ಕತ್ತಿ ತೊಳೆದದ್ದಕ್ಕೆ ಕೊಡುವ ಕೊಡುಗೆಯಾಗಿ ಕೊಟ್ಟರು. ಅದು ಪದ್ಧತಿ. ಆದರೆ ಬಾಯಿ ಬಿಟ್ಟು ಬೇಡಿದ್ದು ಮಾತ್ರ ನಾಯಿ.

ಮುಂದೆ ಬೆಳತೂರಿನ ಪಡುವಣ ಮೊರಡಿಯಲ್ಲಿ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಮಣಲೇರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿದ. ವಸ್ತುಸಂಗ್ರಹಾಲಯಕ್ಕೆ ಹೋದರೆ ನಿಧಾನವಾಗಿ ನೋಡಿ: ನಾಯಿ ಹಂದಿ ಕಾದಾಡುವುದನ್ನು ಕೆತ್ತಿದ್ದಾನೆ, ಅದರ ಸುತ್ತಲೇ ಬರಹ. ಸಾಮ್ರಾಟರ ಯುದ್ಧದ ಸುದ್ದಿ ನಮಗೆ ಸಿಕ್ಕಿದ್ದು ಒಂದು ನಾಯಿಯ ಗೋರಿಕಲ್ಲಿನ ಅಂಚಿನಲ್ಲಿ.

ಇಷ್ಟಕ್ಕೇ ನಿಲ್ಲಿಸಿದ್ದರೆ ಅದು ದುಃಖದ ಕಥೆ. ಆದರೆ ಶಾಸನ ಮುಂದುವರಿಯುತ್ತದೆ, ಏಕೆಂದರೆ ದತ್ತಿ ಬಾಕಿಯಿದೆ. ಆ ಕಲ್ಲಿಗೆ ಹಿರಿಯ ಕೆರೆಯ ಕೆಳಗೆ ಎರಡು ಖಂಡುಗದ ಮಣ್ಣು ಬಿಟ್ಟ. ಆ ಮಣ್ಣನ್ನು ಕೆಡಿಸಿದವನಿಗೆ ನಾಯಿ ಮಾಡಿದ ಪಾಪ ತಟ್ಟಲಿ ಎಂದ. ಅಲ್ಲಿಯ ಗೊರವ, ಅಂದರೆ ಗುಡಿಯ ಶೈವ ಪೂಜಾರಿ, ಕಲ್ಲಿಗೆ ಪೂಜೆ ಮಾಡದೆ ಉಂಡರೆ ಅವನಿಗೂ ನಾಯಿ ಮಾಡಿದ ಪಾಪ. ನಾಯಿ ಏನು ಪಾಪ ಮಾಡಿತ್ತು ಸ್ವಾಮಿ? ಜೀವನವಿಡೀ ಬೇಟೆಯಾಡಿ ಕೊಂದದ್ದೇ ಇರಬೇಕು. ಸಾಮಾನ್ಯವಾಗಿ ಶಾಸನದ ಕೊನೆಯ ಶಾಪದಲ್ಲಿ, ದತ್ತಿ ಕೆಡಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆ ಹಸುಗಳನ್ನು ಕೊಂದ ಪಾಪ ಬರುತ್ತದೆ. ಇಲ್ಲಿ ಕಾಳಿಯ ಪಾಪವೇ ಸಾಕಾಯಿತು. ಗೊರವ ಆ ಪೂಜೆಗೆ ಗೊಣಗುತ್ತಿದ್ದ, ಮಣಲೇರನಿಗೆ ಅದು ಗೊತ್ತಿತ್ತು ಎಂದು ನನ್ನ ಗುಮಾನಿ. ಗುಮಾನಿಯಿಂದಲೇ ಮಣಲೇರನ ಮೇಲಿನ ನನ್ನ ಕಾದಂಬರಿಯ ಮೂರನೆಯ ಅಧ್ಯಾಯ ಹುಟ್ಟಿತು. ಪ್ರಶಸ್ತಿಯಿಂದ ಒಂದು ಸಾಲೂ ಹುಟ್ಟಲಿಲ್ಲ.

ಇದಕ್ಕೇ ಸೇರಿದ ಇನ್ನೊಂದು ಚೀಟಿ, ಸ್ವಲ್ಪ ಸಿಟ್ಟಿನದು: 'ಮಣಲೇರನ ತಾಯಿ ಮಗನನ್ನು, ಊರು ಕೇಳುವುದು ಬಿಟ್ಟು ನಾಯಿ ಕೇಳಿ ಬಂದೆಯಲ್ಲೋ ಎಂದು ಬೈಯುತ್ತಾಳೆ. ಈ ತಾಯಿ ಯಾವ ಶಾಸನದಲ್ಲಿದ್ದಾಳೆ?' ಯಾವ ಶಾಸನದಲ್ಲೂ ಇಲ್ಲ. ಆದರೆ ಅವನಿಗೊಬ್ಬ ತಾಯಿ ಇದ್ದಳೆಂಬುದಕ್ಕೆ ಶಾಸನಾಧಾರ ಬೇಡವಷ್ಟೇ! ಕಲ್ಲು ಹೇಳಿದ್ದನ್ನು ನಾನು ತಿದ್ದುವುದಿಲ್ಲ, ಕಾಳಿಯನ್ನು ಬದುಕಿಸುವುದಿಲ್ಲ. ಎಷ್ಟೋ ಓದುಗರು ಬದುಕಿಸಬಾರದಿತ್ತೇ ಎಂದು ಬರೆದರು. ಕಲ್ಲು ಸುಮ್ಮನಾದ ಕಡೆ ಮಾತ್ರ ನಾನು ಬಾಯಿ ತೆರೆಯುತ್ತೇನೆ.

ಮುಂದಿನ ಸಾಲಿನಿಂದ ಮೇಷ್ಟ್ರೊಬ್ಬರು ಕೈ ಎತ್ತಿದ್ದಾರೆ. ಚೀಟಿ ಬರೆಯುವ ಪೈಕಿ ಅವರಲ್ಲ. ಹೇಳಿ ಸಾರ್... ಕೂಟಶಾಸನಗಳ, ಅಂದರೆ ಖೋಟಾ ಶಾಸನಗಳ, ಕಥೆ ಏನು ಎಂದು ಕೇಳುತ್ತಿದ್ದಾರೆ. ಸರಿಯಾದ ಕಡೆಗೇ ಕೈ ಹಾಕಿದಿರಿ. ಗಂಗರ ಹೆಸರಿನ ತಾಮ್ರಪಟಗಳಲ್ಲೇ ಎಷ್ಟೋ ಖೋಟಾ ಎಂದು ಶಾಸನತಜ್ಞ ಫ್ಲೀಟ್ ಅವರು ಬಹಳ ಹಿಂದೆಯೇ ಕೂಗಿ ಹೇಳಿದ್ದರು. ಅಲ್ಲಿ ಸುಳ್ಳು ಇರುವುದೇ ದತ್ತಿಯಲ್ಲಿ. ಹಾಗಾದರೆ ನನ್ನ ವಾದ ಬಿತ್ತೇ? ಇಲ್ಲ, ಸ್ವಲ್ಪ ಕುಂಟಿತು. ಆ ಖೋಟಾ ಮಾಡಿದವನು ಏನನ್ನು ಬಯಸಿದ ನೋಡಿ: ಬಿರುದನ್ನಲ್ಲ, ಗದ್ದೆಯನ್ನು. ಊರಿನವರು ನಂಬಬೇಕಾದರೆ ಕೆರೆ, ಅಳತೆ, ಎಲ್ಲೆ ಎಲ್ಲವೂ ನಿಜದ ಹಾಗೆಯೇ ಇರಬೇಕು. ಅವನು ಸಿಕ್ಕಿಬೀಳುವುದು ಸಾಮಾನ್ಯವಾಗಿ ಬೇರೆ ಕಡೆ: ತಿಥಿಗೂ ವಾರಕ್ಕೂ ತಾಳೆಯಾಗುವುದಿಲ್ಲ, ಅಕ್ಷರದ ಬಾಗು ಇನ್ನೂರು ವರ್ಷ ಈಚಿನದು. ದತ್ತಿಯನ್ನು ಕಣ್ಣು ಮುಚ್ಚಿಕೊಂಡು ನಂಬಿ ಎಂದು ನಾನು ಹೇಳಲಿಲ್ಲ, ಓದಿ ಎಂದೆ. ಮೇಷ್ಟ್ರು ತಲೆ ಅಲ್ಲಾಡಿಸುತ್ತಿದ್ದಾರೆ. ಒಪ್ಪಿಗೆಯೋ ಅಲ್ಲವೋ ಇಲ್ಲಿಂದ ತಿಳಿಯದು.

ಇನ್ನೊಂದು: 'ತಕ್ಕೋಲದಲ್ಲಿ ರಾಜಾದಿತ್ಯ ಸತ್ತದ್ದನ್ನು ನಮ್ಮವರ ಕಡೆಯಿಂದ ಬರೆಯದೆ ಅವನ ಕಡೆಯಿಂದ ಏಕೆ ಬರೆದಿರಿ?' 'ನಮ್ಮವರು' ಎಂಬ ಮಾತಿನ ಬಗ್ಗೆ ಒಂದು ಪ್ರತ್ಯೇಕ ಉಪನ್ಯಾಸವೇ ಬೇಕು, ಬಿಡಿ. ನನ್ನ ಕಾರಣ ಸರಳ. ಚೋಳರ ದಾಖಲೆಗಳು ಅವನನ್ನು ಆನೆಯ ಮೇಲೆ ಮಡಿದ ದೊರೆ ಎಂದೇ ನೆನೆಯುತ್ತವೆ. ಗೆದ್ದವರಿಗೂ ಸೋತವರಿಗೂ ಅವನನ್ನು ಹೊಗಳುವ, ತೆಗಳುವ ಕಾರಣಗಳು ಬೇರೆ ಬೇರೆ ಇದ್ದವು. ಆದರೂ ಎರಡು ಕಡೆಯವರು ಒಪ್ಪುವ ಸಂಗತಿಗಳಿವೆ: ರಾಜಾದಿತ್ಯ ಆ ರಣದಲ್ಲಿ ಸತ್ತ, ಸಾಯುವಾಗ ಆನೆಯ ಮೇಲಿದ್ದ. ಶತ್ರುಗಳಿಬ್ಬರೂ ಒಂದೇ ಮಾತು ಹೇಳಿದರೆ ಕಾದಂಬರಿಕಾರ ಅದನ್ನು ಹಿಡಿದುಕೊಳ್ಳಬೇಕು. ಹಾಗಾಗಿ ಆ ಅಧ್ಯಾಯವನ್ನು ಆನೆಯ ಮೇಲಿನಿಂದ ಬರೆದೆ. ಕೆಳಗಿನಿಂದ ಕಾಣುವುದು ಧೂಳು ಮಾತ್ರ.

ಅಧ್ಯಕ್ಷರು ಗಡಿಯಾರವನ್ನು ಸ್ವಲ್ಪ ಹತ್ತಿರಕ್ಕೆ ಸರಿಸಿದರು. ಬೇಗ ಬೇಗ ಹೋಗೋಣ.

'ವಿಜಯೋತ್ಸವದ ಔತಣದಲ್ಲಿ ಅಷ್ಟೆಲ್ಲ ಭಕ್ಷ್ಯಗಳಿದ್ದರೂ ಅಡುಗೆ ಸಪ್ಪೆ ಎನಿಸಿತು. ಒಂದು ಒಗ್ಗರಣೆಯಲ್ಲೂ ಮೆಣಸಿನಕಾಯಿ ಇಲ್ಲ.' ಬರೆದ ತಾಯಿಗೆ ನಮಸ್ಕಾರ. ಮೆಣಸಿನಕಾಯಿ ಹುಟ್ಟಿದ್ದು ಅಮೆರಿಕ ಖಂಡದಲ್ಲಿ; ನಮ್ಮ ಕರಾವಳಿಗೆ ಅದನ್ನು ತಂದವರು ಪೋರ್ಚುಗೀಸರು, ಅವರು ಬಂದದ್ದೇ 1498ರಲ್ಲಿ. ಬೂತುಗನ ಬಾಣಸಿಗನ ಕೈಯಲ್ಲಿ ಇದ್ದದ್ದು ಕರಿಮೆಣಸು, ಶುಂಠಿ. ಟೊಮೆಟೊ, ಆಲೂಗಡ್ಡೆ, ಕಡಲೆಕಾಯಿ, ಗೋಡಂಬಿ, ಸೀಬೆ, ಹೊಗೆಸೊಪ್ಪು ಯಾವುದೂ ಇಲ್ಲ. ಅಂದಿನ ಊಟ ಗೊತ್ತಾಗಬೇಕಾದರೆ ಚಾಲುಕ್ಯ ದೊರೆ ಸೋಮೇಶ್ವರನ ಮಾನಸೋಲ್ಲಾಸವೆಂಬ ಗ್ರಂಥದ ಅಡುಗೆಯ ಭಾಗ ನೋಡಿ. ನನ್ನ ಕಥೆಗಿಂತ ಸುಮಾರು 180 ವರ್ಷ ಈಚಿನದು, ಆದರೂ ಹತ್ತಿರದ್ದು. ಮಡಿವಂತರು ಎಚ್ಚರದಿಂದ ಓದಬೇಕು: ನದಿದಂಡೆಯ ಇಲಿಯನ್ನು ಹುರಿಯುವ ಬಗೆಯೂ ಅದರಲ್ಲಿದೆ. ಅದನ್ನು ನನ್ನ ಔತಣದಲ್ಲಿ ಬಡಿಸಲಿಲ್ಲ. ಪ್ರಕಾಶಕರಿಗೂ ಒಂದು ಸಂಸಾರವಿದೆ.

'ಪಾತ್ರಗಳು ಹಳಗನ್ನಡದಲ್ಲಿ ಮಾತನಾಡಬೇಡವೇ?' ಪಂಪ ತನ್ನ ಭಾರತವನ್ನು ಮುಗಿಸಿದ್ದು 941ರ ಸುಮಾರಿಗೆ, ಮಣಲೇರನ ಕಾಲದಲ್ಲೇ. ಆ ಭಾಷೆಯಲ್ಲಿ ಮಾತನಾಡಿಸಿದರೆ ಪುಸ್ತಕ ಓದುವವರು ಮೇಷ್ಟ್ರೊಬ್ಬರೇ. ಮಣಲೇರ ತನ್ನ ನಾಯಿಯನ್ನು ಕಂದಪದ್ಯದಲ್ಲಿ ಕರೆಯುತ್ತಿರಲಿಲ್ಲ. ನಾನು ಇಂದಿನ ಕನ್ನಡವನ್ನೇ ಬಳಸಿ, ಅಂದಿಲ್ಲದ ವಸ್ತುಗಳ ಹೆಸರನ್ನು ಮಾತ್ರ ಹೊರಗಿಡುತ್ತೇನೆ. 'ಒಂದು ನಿಮಿಷ ತಾಳು' ಎಂದು ಯಾರೂ ಹೇಳುವುದಿಲ್ಲ. ಗಳಿಗೆ ಇದೆ. ಆ ಗಳಿಗೆಗೆ 24 ನಿಮಿಷ. ಹಾಗಾಗಿ ನನ್ನ ಪಾತ್ರಗಳು ನಿಮಗಿಂತ ಹೆಚ್ಚು ಹೊತ್ತು ಕಾಯುತ್ತವೆ.

ಯುದ್ಧದ ನಕ್ಷೆ ಕೇಳಿದವರಿಗೆ, ಸಿನಿಮಾ ಹಕ್ಕಿನ ಬಗ್ಗೆ ಕೇಳಿದವರಿಗೆ ಚಹಾದ ಹೊತ್ತಿನಲ್ಲಿ ಉತ್ತರಿಸುತ್ತೇನೆ. 

ಕೊನೆಯದು, ಒಬ್ಬ ಕಾಲೇಜು ವಿದ್ಯಾರ್ಥಿನಿಯದು: 'ನಿಮ್ಮ ಕಾದಂಬರಿಗಳಲ್ಲಿ ಹೆಂಗಸರು ಬೈಯುವುದಕ್ಕೆ ಮಾತ್ರ ಬರುತ್ತಾರೆಯೇ? ಆಳುವ ಹೆಂಗಸು ಶಾಸನಗಳಲ್ಲಿ ಇಲ್ಲವೇ?' ಇದ್ದಾಳಮ್ಮ, ಮಣಲೇರನಿಗಿಂತ ಹಿಂದೆಯೇ. ಹತ್ತನೆಯ ಶತಮಾನದ ಆರಂಭ, ರಾಷ್ಟ್ರಕೂಟರ ಇಮ್ಮಡಿ ಕೃಷ್ಣನ ಕಾಲ. ನಾಗರಖಂಡ ಎಪ್ಪತ್ತರ ನಾಳ್ಗಾವುಂಡ, ಅಂದರೆ ಆ ನಾಡಿನ ಮುಖ್ಯಸ್ಥ, ತೀರಿಕೊಂಡಾಗ ಅವನ ಹೆಂಡತಿ ಜಕ್ಕಿಯಬ್ಬೆಗೆ ಆ ಅಧಿಕಾರ ಬಂತು. ಆಳಿದಳು. ಕಾಯಿಲೆ ಬಿದ್ದಾಗ ಮಗಳನ್ನು ಕರೆದು ಅಧಿಕಾರವನ್ನು ಒಪ್ಪಿಸಿ, ಬಂದಣಿಕೆಯ ಬಸದಿಯಲ್ಲಿ ವ್ರತ ಹಿಡಿದು ದೇಹ ಬಿಟ್ಟಳು. ಆ ಮಗಳು ಮುಂದೆ ಏನು ಮಾಡಿದಳು ಎಂಬ ಕಡೆಗೆ ಕಲ್ಲು ಸುಮ್ಮನಾಗುತ್ತದೆ. ನಾನು ಈಗ ಬರೆಯುತ್ತಿರುವುದು ಅದನ್ನೇ. ಯಾವಾಗ ಬರುತ್ತದೆ ಎಂದು ಕೇಳಬೇಡಿ. ಪ್ರಕಾಶಕರು ಮೂರನೆಯ ಸಾಲಿನಲ್ಲಿ ಕುಳಿತಿದ್ದಾರೆ, ಅವರ ಎದುರಿಗೆ ನಾನು ತಾರೀಖು ಹೇಳುವುದಿಲ್ಲ.

ಅಧ್ಯಕ್ಷರೇ, ನಿಮ್ಮ ಗಡಿಯಾರ ತೆಗೆದುಕೊಳ್ಳಿ.