ಮಣ್ಣಲ್ಲಿ ನೀರಿದ್ದರೂ ಟೊಮೆಟೊ ಗಿಡ ಯಾಕೆ ಸೊರಗುತ್ತದೆ?

[ದೃಶ್ಯ: ಟೊಮೆಟೊ ಹೊಲ, ಮಟಮಟ ಮಧ್ಯಾಹ್ನ. ಸಾಲಿನ ನಡುವೆ ಜೋತುಬಿದ್ದ ಒಂದೇ ಗಿಡ]

ಎಲೆ ಹಳದಿಯಾಗಿಲ್ಲ. ಚುಕ್ಕೆ ಇಲ್ಲ, ಹುಳ ಇಲ್ಲ. ಬೆಳಿಗ್ಗೆ ನೆಟ್ಟಗಿದ್ದ ಗಿಡ ಹಸಿರಾಗಿರುವಾಗಲೇ ಬಾಡಿದೆ. ನೀರು ಸಾಲದೇನೋ ಅನ್ನಿಸುತ್ತದೆ, ಅಲ್ವಾ? ಆದರೆ ಮಣ್ಣು ಮುಟ್ಟಿ ನೋಡಿ, ತೇವ ಚೆನ್ನಾಗಿಯೇ ಇದೆ.

ಬುಡದ ಹತ್ತಿರ ಕಾಂಡ ಕತ್ತರಿಸೋಣ.

[ದೃಶ್ಯ: ಗಾಜಿನ ಲೋಟದಲ್ಲಿ ತಿಳಿನೀರು. ಕಾಂಡದ ತುದಿ ನೀರಿಗೆ ತಾಗಿದೆ]

ಅಲುಗಿಸಬೇಡಿ. ಕೆಲವು ನಿಮಿಷ ಕಾಯಿರಿ. ನೋಡಿ, ಹಾಲಿನ ಎಳೆಯಂಥದ್ದು ಕೆಳಗಿಳಿಯುತ್ತಿದೆ! ಅದರಲ್ಲಿರುವುದು ರಾಲ್‌ಸ್ಟೋನಿಯಾ ಸೊಲನೇಸಿಯಾರಂ ಎಂಬ ಬ್ಯಾಕ್ಟೀರಿಯಾ, ಜೊತೆಗೆ ಅದೇ ತಯಾರಿಸಿದ ಲೋಳೆ. ದುಂಡಾಣು ಸೊರಗು ರೋಗ ಅನ್ನುವುದು ಇದಕ್ಕೇ.

ಆ ಲೋಳೆ ಸಕ್ಕರೆಯಿಂದಾದದ್ದು. ನಮ್ಮ ಕಾಫಿಯ ಸಕ್ಕರೆ ಅಲ್ಲ. ಸಕ್ಕರೆಯ ಅಣುಗಳು ಕೊಂಡಿ ಹಾಕಿಕೊಂಡು ಆದ ಉದ್ದುದ್ದ ಸರಗಳು. ಬೆಂಡೆಕಾಯಿ ಹೆಚ್ಚಿದಾಗ ಬರುವ ಲೋಳೆಯೂ ಹೀಗೆಯೇ ಸಕ್ಕರೆಯ ಸರ. ಬೇರಿನ ಗಾಯದಿಂದ ಒಳನುಗ್ಗಿದ ಬ್ಯಾಕ್ಟೀರಿಯಾ ನೀರು ಏರುವ ಕೊಳವೆಗಳನ್ನು ಸೇರಿ, ಅಲ್ಲಿ ಹೆಚ್ಚುತ್ತಾ ಈ ಲೋಳೆ ಸುರಿಸುತ್ತದೆ. ಕೊಳವೆ ಕಟ್ಟಿಕೊಳ್ಳುತ್ತದೆ. ಕಾಲಡಿ ನೀರಿದ್ದೂ ಗಿಡ ಬಾಯಾರಿ ಸಾಯುತ್ತದೆ.

[ದೃಶ್ಯ: ಎರಡು ಪ್ರಯೋಗದ ತಟ್ಟೆಗಳು, ಅಕ್ಕಪಕ್ಕ]

ಲೋಳೆಗೆ ಇಷ್ಟು ಮಹತ್ವ ಯಾಕೆ? 1954ರಲ್ಲಿ ಅಮೆರಿಕದ ವಿಜ್ಞಾನಿ ಆರ್ಥರ್ ಕೆಲ್ಮನ್ ಟೆಟ್ರಾಜೋಲಿಯಂ ಎಂಬ ಬಣ್ಣ ಕೊಡುವ ರಾಸಾಯನಿಕ ಸೇರಿಸಿ ಇದನ್ನು ಬೆಳೆಸಿದ ಬಗೆ ನೋಡಿ. ರೋಗ ತರುವ ಬ್ಯಾಕ್ಟೀರಿಯಾ ಬೆಳ್ಳಗೆ, ನಡುವೆ ಗುಲಾಬಿಯಾಗಿ, ಹರಿದಾಡುವ ಹಾಗೆ ಬೆಳೆಯಿತು. ಲೋಳೆ ಕಳೆದುಕೊಂಡದ್ದು ಪುಟ್ಟ ಕಡುಗೆಂಪು ಚುಕ್ಕೆಯಾಯಿತು. ಗಿಡ ಸೊರಗಿಸುವ ಶಕ್ತಿಯೂ ಅದರಿಂದ ಹೋಗಿತ್ತು. ಎಂಥ ಸರಳ ಪ್ರಯೋಗ! ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತದೆ.

ಲೋಳೆಯ ಕೆಳಗೆ ಇನ್ನೊಂದು ಸಕ್ಕರೆಯ ಹೊದಿಕೆ ಇದೆ, ಲಿಪೊಪಾಲಿಸ್ಯಾಕರೈಡ್. ಅದರ ಕೊಬ್ಬಿನ ಬುಡ ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿ ನಾಟಿಕೊಂಡಿರುತ್ತದೆ, ಸಕ್ಕರೆಯ ಸರ ಆಚೆ ಚಾಚಿರುತ್ತದೆ. ಗಿಡ ತನ್ನ ರಕ್ಷಣೆಗೆ ಬಿಡುವ ರಾಸಾಯನಿಕಗಳನ್ನು ಅದು ತಡೆಯುತ್ತದೆ.

[ದೃಶ್ಯ: ಮತ್ತೆ ಹೊಲ]

ಸೊರಗಿದ ಗಿಡಕ್ಕೆ ನೀರು ಜಾಸ್ತಿ ಬಿಡಬೇಡಿ. ನೀರಿನ ಜೊತೆ ರೋಗ ಪಕ್ಕದ ಸಾಲಿಗೂ ಹೋಗುತ್ತದೆ. ಬೇರು ಸಮೇತ ಕಿತ್ತು ಸುಟ್ಟುಬಿಡಿ. ಮುಂದಿನ ಬೆಳೆಗೆ ರೋಗ ತಡೆಯುವ ತಳಿ ಹಾಕಿ. ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಅಂಥದ್ದೊಂದು.

ಹಾಂ, ಲೋಟದ ನೀರನ್ನು ಸುಮ್ನೆ ಹೊಲಕ್ಕೆ ಚೆಲ್ಲಬೇಡಿ. ಚೆನ್ನಾಗಿ ಕುದಿಸಿ, ಆಮೇಲೆ ಚೆಲ್ಲಿ.