ಗೆಡ್ಡೆ ಕೀಳೋಕೆ ಮುಂಚೆ ಸೊಪ್ಪು ಕೊಯ್ರಿ

ಕೃಷಿರಂಗ ಕೇಳ್ತಾ ಇರೋ ಎಲ್ಲಾ ರೈತ ಬಾಂಧವರಿಗೂ, ರೇಡಿಯೋ ಹಾಕ್ಕೊಂಡು ಒಲೆ ಮುಂದೆ ಇರೋ ಅಕ್ಕ ತಾಯಂದ್ರಿಗೂ ನಮಸ್ಕಾರ. ಹಾಸನ, ಆಲೂರು, ಅರಕಲಗೂಡು, ಬೇಲೂರು, ಆಕಡೆ ಚಿಕ್ಕಮಗಳೂರು ಬಯಲು ಕಡೆಯೋರು, ನೀವು ಮೇ ಕೊನೆಗೆ ಹಾಕಿದ ಆಲೂಗೆಡ್ಡೆ ಈಗ 80 ದಿನ ದಾಟಿರುತ್ತೆ, ಕೆಳಗಿನ ಎಲೆ ಹಳದಿ ತಿರುಗ್ತಾ ಇರುತ್ತೆ, ಕೆಲವರಂತೂ ಆಗಲೇ ಕೂಲಿಯೋರಿಗೆ ಹೇಳಿ ಟೆಂಪೋನೂ ಗೊತ್ತು ಮಾಡಿರ್ತೀರಿ. ದಯವಿಟ್ಟು ಆ ಟೆಂಪೋನ ಎರಡು ವಾರ ಮುಂದಕ್ಕೆ ಹಾಕಿ. ನಂಗೆ ಕೊಟ್ಟಿರೋ ಟೈಮು ಕಮ್ಮಿ, ಹೇಳೋದಿರೋದೂ ಒಂದೇ. ಗೆಡ್ಡೆ ಕೀಳೋಕೆ 10ರಿಂದ 15 ದಿನ ಮುಂಚೆ ಸೊಪ್ಪು ಕೊಯ್ದುಬಿಡಿ, ನೆಲಕ್ಕೆ ಸಮ ಕೊಯ್ದುಬಿಡಿ, ಆಮೇಲೆ ಕೈಕಟ್ಕೊಂಡು ಕೂತ್ಕೊಳಿ.

ಇದನ್ನ ಎಲ್ಲಿ ಹೇಳಿದ್ರೂ ಒಂದೇ ಪ್ರಶ್ನೆ, ಸಾರ್ ಇನ್ನೂ ಹಸಿರಾಗಿರೋ ಗಿಡಾನ ಕೈಯಾರೆ ಕೊಯ್ಯೋದಾ, ಹೊಟ್ಟೆ ಉರಿಯಲ್ವಾ ಅಂತ. ಉರೀಲಿ ಬಿಡಿ. ಮೇಲೆ ಸೊಪ್ಪು ಹಸಿರಾಗಿರೋ ತನಕ ಕೆಳಗೆ ಗೆಡ್ಡೆ ಊದ್ತಾನೇ ಇರುತ್ತೆ, ಗೆಡ್ಡೆ ಊದ್ತಾ ಇದ್ರೆ ಸಿಪ್ಪೇನೂ ಜೊತೇಲೇ ಬೆಳೀಬೇಕಲ್ವಾ, ಹಂಗಾಗಿ ಸಿಪ್ಪೆ ಅಡಿಗೆ ಹೊಸ ಸಿಪ್ಪೆ ಹುಟ್ಟಿಸೋ ಒಂದು ತೆಳು ಪದರ ಇರುತ್ತೆ. ಅದು ಕೆಲಸ ಮಾಡ್ತಿರೋ ತನಕ ಬಲು ನಾಜೂಕು. ಆ ಟೈಮಲ್ಲಿ ಕಿತ್ತು ಬುಟ್ಟಿಗೆ ಹಾಕಿ, ಬುಟ್ಟಿಯಿಂದ ಚೀಲಕ್ಕೆ ಸುರಿದು, ಚೀಲಾನ ಟೆಂಪೋಗೆ ಎಸೆದ್ರೆ ಆ ಪದರ ಅಲ್ಲಲ್ಲೇ ಹರಿದು ಸಿಪ್ಪೆ ಏಳುತ್ತೆ. ಸೊಪ್ಪು ಕೊಯ್ದಾಗ ಮೇಲಿಂದ ಬರ್ತಿದ್ದ ಊಟ ನಿಂತೋಗುತ್ತೆ, ಗೆಡ್ಡೆ ಊದೋದು ನಿಲ್ಲುತ್ತೆ, ಆ ಪದರಾನೂ ಕೆಲಸ ಬಿಟ್ಟು ಗಟ್ಟಿಯಾಗಿ ಸಿಪ್ಪೆ ಗೆಡ್ಡೆಗೆ ಅಂಟ್ಕೊಳ್ಳುತ್ತೆ. ಗಿಡಕ್ಕೆ ಕಷ್ಟ ಕೊಟ್ರೆ ಗೆಡ್ಡೆ ಗಟ್ಟಿಯಾಗುತ್ತೆ, ಇಷ್ಟೇ ಕಣ್ರೀ ವಿಜ್ಞಾನ.

ಪಂಜಾಬ್ ಕಡೆ ಇದು ಚಳಿಗಾಲದ ನೀರಾವರಿ ಬೆಳೆ, ಅವರು ಮೊದ್ಲು ನೀರು ನಿಲ್ಲಿಸ್ತಾರೆ, ಆಮೇಲೆ ಸೊಪ್ಪು ತೆಗೀತಾರೆ. ನಮ್ದು ಮಳೆ ನಂಬಿರೋ ಬೆಳೆ, ಆಗಸ್ಟ್ ಮಳೇನ ನಿಲ್ಲು ಅಂದ್ರೆ ನಿಲ್ಲುತ್ತಾ. ಅದಕ್ಕೇ ನಮ್ ಕೈಲಿರೋದು ಕುಡುಗೋಲೊಂದೇ.

ಈಗ ದುದ್ದದ ಕಡೆ ನಡೆದಿದ್ದು ಹೇಳ್ತೀನಿ, ನಾನು ಇಲಾಖೇಲಿದ್ದಾಗಿನ ಮಾತು. ಅಣ್ಣ ತಮ್ಮ ಇಬ್ರು, ಒಂದೇ ಹೊಲ, ನಡುವೆ ಒಂದು ಬದು. ಒಂದೇ ಲಾರೀಲಿ ಬಂದ ಕುಫ್ರಿ ಜ್ಯೋತಿ ತಳಿ ಬೀಜ, ಒಂದೇ ದಿನ ಬಿತ್ತನೆ, ಗೊಬ್ಬರ ಕೂಡ ಒಂದೇ. ನಾನು ಹೋಗಿ ಸೊಪ್ಪು ಕೊಯ್ರಪ್ಪಾ ಅಂದೆ. ತಮ್ಮ ಆಯ್ತು ಸಾರ್ ಅಂದ. ಅಣ್ಣಂಗೆ ಗೌರಿ ಹಬ್ಬಕ್ಕೆ ತಂಗಿಗೆ ಬಾಗಿನ ಕಳಿಸಬೇಕು, ಕೈಲಿ ಕಾಸಿಲ್ಲ, ಈಗ ರೇಟೂ ಚೆನ್ನಾಗಿದೆ, ನಿಮ್ದೆಲ್ಲಾ ಪುಸ್ತಕದ ಮಾತು ಬಿಡಿ ಸಾರ್ ಅಂದುಬಿಟ್ಟ. ಅಲ್ಲೇ ಬದು ಮೇಲೆ ಅವರ ತಾಯಿ ಕೂತಿದ್ರು, ಬಾಯಲ್ಲಿ ಎಲೆ ಅಡಿಕೆ, ಅಷ್ಟು ಹೊತ್ತೂ ಒಂದ್ ಮಾತಾಡಿರ್ಲಿಲ್ಲ. ಒಂದು ಗಿಡ ಕಿತ್ಕೊಂಬಾ ಅಂದ್ರು ಅಣ್ಣಂಗೆ. ಕಿತ್ತು ತಂದ. ಒಂದು ಗೆಡ್ಡೆ ಮುರ್ಕೊಂಡು ಸೆರಗಲ್ಲಿ ಮಣ್ಣು ಒರೆಸಿ ಹೆಬ್ಬೆಟ್ಟಲ್ಲಿ ಒಂದ್ಸಲ ಒತ್ತಿ ಉಜ್ಜಿದ್ರು ನೋಡಿ, ಸಿಪ್ಪೆ ಸುರುಳಿ ಸುತ್ಕೊಂಡು ಬೆರಳಿಗೆ ಬಂತು, ಅಡಿಗೆ ಒದ್ದೆ ಒದ್ದೆ ತಿರುಳು. ಅದನ್ನ ಮಗನ ಮುಂದೆ ಹಿಡಿದು, ಇದನ್ನ ಯಾರ ತಲೆಗೆ ಕಟ್ತೀಯೋ ಅಂದ್ರು.

ಅಣ್ಣ ಕೇಳ್ಲಿಲ್ಲ, ಮಾರನೇ ದಿನಾನೇ ಕೀಳಿಸ್ದ. ಮಂಡಿಗೆ ಹಾಕಿದ್ರೆ ವ್ಯಾಪಾರಿ ಚೀಲದೊಳಗೆ ಮೊಣಕೈ ತನಕ ಕೈ ಬಿಟ್ಟು ಅಡೀಲಿರೋ ಒಂದು ಗೆಡ್ಡೆ ತೆಗೆದ, ಅದೇ ಹೆಬ್ಬೆಟ್ಟು, ಅದೇ ಉಜ್ಜು, ಎಳೆ ಮಾಲು ಅಂತ ಹೇಳಿ ಮುಂದಿನ ಲಾಟಿಗೆ ಹೋಗೇಬಿಟ್ಟ. ಅಣ್ಣ ಸಿಕ್ಕಿದ ರೇಟಿಗೆ ಅರ್ಧ ಮಾಲು ಕೊಟ್ಟು, ಸಿಟ್ಟಲ್ಲಿ ಉಳಿದ ಚೀಲ ವಾಪಸ್ ತಂದು ಜಗಲಿ ಮೇಲೆ ಒಟ್ಟಿದ. ಮೂರ್ನಾಲ್ಕು ದಿನಕ್ಕೆ ಸಿಪ್ಪೆ ಎದ್ದ ಕಡೆಯೆಲ್ಲಾ ಕಪ್ಪಾಯ್ತು, ಆಮೇಲೆ ಅಡಿ ಚೀಲ ಒದ್ದೆಯಾಯ್ತು, ಆಮೇಲೆ ವಾಸ್ನೆ. ಆ ಮನೇಲಿ ಬೆಳಿಗ್ಗೆ ಪಲ್ಯ, ಮಧ್ಯಾಹ್ನ ಸಾರು, ಸಂಜೆ ಬೋಂಡ, ಎಲ್ಲಾ ಆಲೂಗೆಡ್ಡೇದೇ, ನಂಗೂ ಒಂದು ತಟ್ಟೆ ಬೋಂಡ ಸಿಕ್ತು, ರುಚಿಗೇನೂ ಮೋಸ ಇರ್ಲಿಲ್ಲ ಬಿಡಿ.

ಇತ್ಲಾಗೆ ತಮ್ಮ ಸೊಪ್ಪು ಕೊಯ್ದ, ಹೊರಗೆ ಕಾಣ್ತಿದ್ದ ಗೆಡ್ಡೆಗೆಲ್ಲಾ ಮಣ್ಣು ಎಳೆದ. ಹೊಲ ಬೋಳಾಗಿದ್ದು ನೋಡಿ ಊರೋರೆಲ್ಲಾ ಆಡ್ಕೊಂಡ್ರು. ನಡುವೆ ಮಳೆ ಬಂದು ಕೊಯ್ದ ಬುಡದಲ್ಲಿ ಮತ್ತೆ ಚಿಗುರು ಬಂತು, ಅದನ್ನ ಹಂಗೇ ಬೆಳೆಯೋಕೆ ಬಿಟ್ರೆ ಗೆಡ್ಡೇಲಿರೋದನ್ನೇ ವಾಪಸ್ ಎಳ್ಕೊಂಡು ಬೆಳೆಯುತ್ತೆ, ತಾಯಿ ಬೈದು ಇನ್ನೊಂದ್ಸಲ ಕೊಯ್ಸಿದ್ರು. ದಿನ ಬಿಟ್ಟು ದಿನ ಹೋಗಿ ಒಂದೊಂದು ಗೆಡ್ಡೆ ಕಿತ್ತು ಉಜ್ಜಿ ನೋಡೋರು. ಒಂದಿನ ಎಷ್ಟು ಒತ್ತಿದ್ರೂ ಸಿಪ್ಪೆ ಅಲ್ಲಾಡ್ಲಿಲ್ಲ, ಹೆಬ್ಬೆಟ್ಟೇ ಜಾರ್ತು. ಈಗ ಕೀಳ್ರೋ ಅಂದ್ರು. ನನ್ನ ನೋಡಿ, ನಿಮ್ 15 ದಿನದ ಲೆಕ್ಕ ನೀವಿಟ್ಕೊಳಿ ಸಾರ್, ನನ್ ಲೆಕ್ಕ ಇಲ್ಲೈತೆ ಅಂತ ಬೆರಳು ತೋರಿಸಿದ್ರು. ಅಷ್ಟರಲ್ಲಿ ರೇಟು ಒಂಚೂರು ಇಳಿದಿತ್ತು, ಸುಳ್ಳು ಯಾಕೆ ಹೇಳ್ಲಿ, ಆದ್ರೂ ತಮ್ಮಂದು ಒಂದು ಚೀಲಾನೂ ವಾಪಸ್ ಬರ್ಲಿಲ್ಲ.

ಸ್ಟುಡಿಯೋ ಗಾಜಿನಾಚೆಯಿಂದ ಟೈಮಾಯ್ತು ಅಂತ ಕೈ ಮಾಡ್ತಾ ಇದಾರೆ, ಬೇಗ ಬೇಗ ಹೇಳ್ಬಿಡ್ತೀನಿ. ಅಂಗಮಾರಿ ರೋಗದ ಮಾತು. ಎಲೆ ಮೇಲಿರೋ ಅಂಗಮಾರಿ ಬೀಜಕಣ ಮಳೆ ನೀರಲ್ಲಿ ತೊಳ್ಕೊಂಡು ಮಣ್ಣಿಗಿಳಿದು ಗೆಡ್ಡೆಗೆ ಹತ್ತುತ್ತೆ, 1845ರಲ್ಲಿ ಐರ್ಲೆಂಡ್ ದೇಶಾನೇ ಹಸಿವಿಗೆ ತಳ್ಳಿದ ರೋಗ ಇದೇ. ಮುಕ್ಕಾಲು ಪಾಲು ಸೊಪ್ಪಿಗೆ ರೋಗ ಬಂದಿದ್ರೆ ದಿನ ಎಣಿಸ್ಕೊಂಡು ಕೂರ್ಬೇಡಿ, ಅವತ್ತೇ ಸೊಪ್ಪು ಕೊಯ್ರಿ, ಕೊಯ್ದಿದ್ದನ್ನ ಹೊಲದಿಂದ ಆಚೆ ಸಾಗಿಸಿ. ಸಾಲಲ್ಲೇ ಬಿಟ್ಟು ಬರೋರು ಬಹಳ ಜನ ಇದೀರಿ, ಹಂಗಾದ್ರೆ ಕೊಯ್ದು ಏನು ಬಂತು ಹೇಳಿ. ದನಕ್ಕೂ ಹಾಕ್ಬೇಡಿ ಆ ಸೊಪ್ಪನ್ನ, ವಿಷ ಅದು. ಹಂಗಂತ ಸೊಪ್ಪು ಕೊಯ್ದು ತಿಂಗಳುಗಟ್ಟಲೆ ಗೆಡ್ಡೇನ ಒದ್ದೆ ಮಣ್ಣಲ್ಲಿ ಮರೆತುಬಿಡೋದೂ ಬೇಡ, ಕೊಳೆಯುತ್ತೆ.

ಕಡೂರು, ಅಜ್ಜಂಪುರದ ಈರುಳ್ಳಿಯೋರು, ನಿಮಗೂ ಇದೇ ಮಾತು, ಗಿಡದ ಕುತ್ತಿಗೆ ಬಾಗಿ ಬೀಳೋಕೆ ಶುರುವಾದ್ಮೇಲೆ ನೀರು ಹಾಯಿಸ್ಬೇಡಿ. ಒಣಶುಂಠಿಗೆ ಅಂತ ಬಿಟ್ಟಿರೋರು ಕೀಳೋಕೆ ಒಂದು ತಿಂಗಳು ಮುಂಚೆ ನೀರು ನಿಲ್ಲಿಸಿ. ಕಬ್ಬಿನೋರಿಗೆ ನಾನು ಹೇಳೋದೇ ಬೇಡ, ಕಡಿಯೋಕೆ ಮುಂಚೆ ನೀರು ಕಟ್ ಮಾಡಿದ್ರೆ ಸಕ್ಕರೆ ಏರುತ್ತೆ ಅಂತ ನಿಮಗೇ ಗೊತ್ತು. ಸಕಲೇಶಪುರದ ಕಾಫಿಯೋರು ಕೇಳ್ತಾ ಇದ್ರೆ, ಹೂಮೊಗ್ಗಿಗೂ ಒಣಗು ಬೇಕೇ ಬೇಕು, ಅದು ಹೂ ಅರಳಿಸೋ ಮಾರ್ಚ್ ಮಳೆ, ಹೂಮಳೆ ಕಥೆ, ಅದಕ್ಕೇ ಇನ್ನೊಂದಿನ ಕರೀರಿ ಅಂತ ಈ ರೇಡಿಯೋದೋರಿಗೆ ಹೇಳಿದೀನಿ, ನೋಡೋಣ ಕರೀತಾರಾ ಅಂತ.

ಕಿತ್ತ ಗೆಡ್ಡೇನ ಬಿಸಿಲಲ್ಲಿ ಹರಡಬೇಡಿ, ನೆರಳಲ್ಲಿ ಆರಲಿ, ಬಿಸಿಲು ಬೆಳಕು ಬಿದ್ರೆ ಹಸಿರು ತಿರುಗುತ್ತೆ, ಹಸಿರು ಗೆಡ್ಡೆ ಕಹಿ, ತಿನ್ನೋಕೂ ಬರಲ್ಲ ಮಾರೋಕೂ ಬರಲ್ಲ. ನಾಳೆ ಹೊಲಕ್ಕೆ ಹೋದಾಗ ಒಂದು ಗಿಡ ಕಿತ್ತು ಹೆಬ್ಬೆಟ್ಟಲ್ಲಿ ಉಜ್ಜಿ ನೋಡಿ, ಸಿಪ್ಪೆ ಎದ್ರೆ ಕುಡುಗೋಲು ಮಸೀರಿ. ಟೆಂಪೋದೋರಿಗೆ ಇವತ್ತು ರಾತ್ರೀನೇ ಫೋನ್ ಮಾಡಿ. ನಮಸ್ಕಾರ.