ಸ್ಕಾಲರ್‌ಶಿಪ್ ಮುಗಿದ ಮೇಲೆ ಅಂಬೇಡ್ಕರ್ ಓದು ಮುಂದುವರಿದಿದ್ದು ಹೇಗೆ?

(ಪರದೆ: ಹಳೆಯ ನ್ಯೂಯಾರ್ಕ್ ಬಂದರಿನ ಚಿತ್ರ)

ನಮಸ್ಕಾರ. 1913ರ ಜುಲೈನಲ್ಲಿ ಭೀಮರಾವ್ ಅಂಬೇಡ್ಕರ್ ನ್ಯೂಯಾರ್ಕಿನಲ್ಲಿ ಹಡಗಿಳಿದಾಗ ಅವರಿಗೆ 22 ವರ್ಷ. ಕೈಯಲ್ಲಿದ್ದದ್ದು ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನ, ತಿಂಗಳಿಗೆ 11.5 ಪೌಂಡ್. ಮಹಾರಾಜರು ದುಡ್ಡು ಕೊಟ್ಟರು, ಅವರು ಓದಿ ದೊಡ್ಡವರಾದರು ಎಂದು ನಾವೆಲ್ಲ ಕೇಳಿದ್ದೇವೆ. ಆದರೆ ಆ ವೇತನ ಮಂಜೂರಾಗಿದ್ದು ಮೂರು ವರ್ಷಕ್ಕೆ. ಲಂಡನ್ನಿನ ಡಿ.ಎಸ್ಸಿ. ಎಂಬ ಉನ್ನತ ಪದವಿ ಸಿಕ್ಕಿದ್ದು 1923ರಲ್ಲಿ. ನಡುವಿನ ಕಾಲ ಹೇಗೆ ಸಾಗಿತು?

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಬಾಂಬೆಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದುವಾಗಲೇ ಅವರಿಗೆ ತಿಂಗಳಿಗೆ 25 ರೂಪಾಯಿ ಬರೋಡಾದಿಂದ ಬರುತ್ತಿತ್ತು. ಅದನ್ನು ಕೊಡಿಸಿದವರು ಕೃಷ್ಣಾಜಿ ಅರ್ಜುನ್ ಕೇಳುಸ್ಕರ್ ಎಂಬ ಮೇಷ್ಟ್ರು. ಹುಡುಗನನ್ನು ಬರೋಡಾ ಮಹಾರಾಜ ಸಯಾಜಿರಾವ್ ಗಾಯಕವಾಡರ ಮುಂದೆ ಕರೆದೊಯ್ದು ನಿಲ್ಲಿಸಿದ್ದು ಅವರೇ. ಅರ್ಹತೆ ಇದ್ದರೂ ಅದನ್ನು ಸರಿಯಾದ ಬಾಗಿಲಿಗೆ ಮುಟ್ಟಿಸುವವರು ಬೇಕು. ಆ ಕೆಲಸ ಮಾಡಿದ ಮೇಷ್ಟ್ರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

(ಪರದೆ: ಕೊಲಂಬಿಯಾ ವಿಶ್ವವಿದ್ಯಾಲಯ, ನಂತರ ಲಂಡನ್)

ಕೊಲಂಬಿಯಾದಲ್ಲಿ 1915ರಲ್ಲಿ ಎಂ.ಎ. ಮರುವರ್ಷ ಲಂಡನ್ನಿಗೆ ಹೋಗಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಮತ್ತು ವಕೀಲರನ್ನು ತಯಾರು ಮಾಡುವ ಗ್ರೇಸ್ ಇನ್ ಎರಡನ್ನೂ ಸೇರಿದರು. ಅರ್ಥಶಾಸ್ತ್ರವೂ ಬೇಕು, ವಕೀಲಿಕೆಯೂ ಬೇಕು. ಅಂಥ ಹಸಿವು ಅವರದು. ಆದರೆ 1917ರಲ್ಲಿ ವೇತನದ ವಿಸ್ತರಿಸಿದ್ದ ಅವಧಿಯೂ ತೀರಿತು, ಓದನ್ನು ಅರ್ಧಕ್ಕೆ ಬಿಟ್ಟು ವಾಪಸ್ ಬರಬೇಕಾಯಿತು. ಅದು ಮಹಾಯುದ್ಧದ ಕಾಲ. ಅವರ ಪುಸ್ತಕಗಳಿದ್ದ ಹಡಗು ದಾಳಿಗೆ ಸಿಕ್ಕಿ ಮುಳುಗಿಹೋಯಿತು.

ಇನ್ನೊಂದು ಸಂಗತಿ ಕೇಳಿ. ವೇತನ ಪಡೆದಿದ್ದಕ್ಕೆ ಬರೋಡಾದಲ್ಲಿ ಹತ್ತು ವರ್ಷ ಕೆಲಸ ಮಾಡುವ ಕರಾರಿತ್ತು. ಅದರಂತೆ ಹೋದರು. ಅಲ್ಲಿ ಇರಲು ಯಾರೂ ಮನೆ ಕೊಡಲಿಲ್ಲ. ಪಾರ್ಸಿ ತಂಗುದಾಣವೊಂದರಲ್ಲಿ ಪಾರ್ಸಿ ಹೆಸರಿಟ್ಟುಕೊಂಡು ಉಳಿದರು. ವಿಷಯ ತಿಳಿದಾಗ ದೊಣ್ಣೆ ಹಿಡಿದ ಗುಂಪು ಬಂದು ಹೊರಗಟ್ಟಿತು. ಕೊಲಂಬಿಯಾ ಪದವೀಧರ ಒಂದು ಉದ್ಯಾನದಲ್ಲಿ ಕೂತು ಬಾಂಬೆ ರೈಲಿಗಾಗಿ ಕಾದರು. ಫೀಸು ಕಟ್ಟುವ ದುಡ್ಡು ಈ ಅವಮಾನವನ್ನು ತಡೆಯಲಾರದು. ವಿದ್ಯಾರ್ಥಿವೇತನದ ಬಗ್ಗೆ ಮಾತಾಡುವಾಗ ನಾವು ತಲೆತಗ್ಗಿಸಿ ನೆನೆಯಬೇಕಾದ ಭಾಗ ಇದು.

ಮತ್ತೆ ಲಂಡನ್ನಿಗೆ ಹೋದದ್ದು 1920ರಲ್ಲಿ. ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರೊಫೆಸರ್ ಆಗಿ ಉಳಿಸಿದ ಸಂಬಳ, ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಗೆಳೆಯ ನವಲ್ ಭಾಥೇನಾ ಕೊಟ್ಟ 5000 ರೂಪಾಯಿ ಸಾಲ ಸೇರಿ ದಾರಿಯಾಯಿತು. ಇತ್ತ ಬಾಂಬೆಯಲ್ಲಿ ಸಂಸಾರ ನಡೆಸಿದ್ದು ರಮಾಬಾಯಿ. ಅವರ ಐದು ಮಕ್ಕಳಲ್ಲಿ ನಾಲ್ವರು ಚಿಕ್ಕಂದಿನಲ್ಲೇ ತೀರಿಕೊಂಡರು. ಡಿ.ಎಸ್ಸಿ. ಪತ್ರದ ಮೇಲೆ ಒಂದೇ ಹೆಸರಿದೆ. ನನ್ನ ಮಟ್ಟಿಗೆ ಅದರಲ್ಲಿ ದೊಡ್ಡ ಪಾಲು ಆ ತಾಯಿಯದು.

(ಪರದೆ: 1944)

1942ರಲ್ಲಿ ಅಂಬೇಡ್ಕರ್ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯ ಸದಸ್ಯರಾದರು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಸರ್ಕಾರವೇ ದುಡ್ಡು ಕೊಡಬೇಕೆಂದು ಅಲ್ಲಿ ಪಟ್ಟು ಹಿಡಿದರು. 1944ರಲ್ಲಿ ಶುರುವಾದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಇವತ್ತಿಗೂ ನಡೆಯುತ್ತಿದೆ. ಕೇಂದ್ರ ಮತ್ತು ರಾಜ್ಯ 60:40ರಂತೆ ವೆಚ್ಚ ಹಂಚಿಕೊಳ್ಳುತ್ತವೆ. ಮನೆಯ ವಾರ್ಷಿಕ ಆದಾಯ 2.5 ಲಕ್ಷದೊಳಗಿರಬೇಕು.

ಕರ್ನಾಟಕದಲ್ಲಿ ಅರ್ಜಿ ಹಾಕುವುದು ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ. ಹಣ ನೇರ ವಿದ್ಯಾರ್ಥಿಯ ಖಾತೆಗೆ ಬರುವುದರಿಂದ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಜಾತಿ, ಆದಾಯ ಪ್ರಮಾಣಪತ್ರದಲ್ಲಿರುವ ಹೆಸರು, ಆಧಾರ್‌ನಲ್ಲಿರುವ ಹೆಸರು, ಅಂಕಪಟ್ಟಿಯ ಹೆಸರು ಒಂದಕ್ಕೊಂದು ಹೊಂದುತ್ತಿದೆಯೇ ನೋಡಿ. ಇನಿಷಿಯಲ್ ಹಿಂದುಮುಂದಾದರೂ ಅರ್ಜಿ ನಿಂತುಬಿಡಬಹುದು. ಮೇಷ್ಟ್ರೇ, ಮೇಡಂ, ನಿಮ್ಮ ತರಗತಿಯಲ್ಲಿ ಮನೆಯಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹುಡುಗಿ ಇದ್ದರೆ, ಕೊನೆಯ ದಿನಾಂಕಕ್ಕೆ ಮುಂಚೆ ಅವಳ ಜೊತೆ ಅರ್ಧ ಗಂಟೆ ಕೂತು ಆ ಫಾರ್ಮ್ ತುಂಬಿಸಿ.